ಶಿವಮೊಗ್ಗದಿಂದ ಎಸ್ಪಿ ಹುದ್ದೆಯವರೆಗೆ: ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ

ಎಸ್ಪಿ ಆಗಬೇಕು ಅನ್ನುವ ಹುಡುಗ ಹುಡುಗಿಯರ ಜೊತೆ ಭಾನುವಾರ ಬೆಳಿಗ್ಗೆ ಕೂತು ಅರ್ಜಿ, ಉತ್ತರ ಪತ್ರಿಕೆ ನೋಡಿಕೊಡುವುದು ಹಲವು ವರ್ಷಗಳಿಂದ ನನ್ನ ರೂಢಿ. ತೀರ್ಥಹಳ್ಳಿ, ಸೊರಬ, ಹೊಸನಗರದ ಕಡೆಯಿಂದ ಮೊದಲ ಬಸ್ಸು ಹಿಡಿದು ಬರುತ್ತಾರೆ. ಓದುವ ಶಕ್ತಿ ಸಾಲದೆ ಸೋತವರನ್ನು ನಾನು ಕಂಡದ್ದು ಕಡಿಮೆ. ಸೋಲುವವರಲ್ಲಿ ಹೆಚ್ಚಿನವರು ಕ್ರಮ ತಪ್ಪಿಸಿಕೊಂಡವರು. ಮೊದಲು ಬೆಂಗಳೂರಿಗೆ ಹೋಗಿ ಕೋಚಿಂಗ್‌ಗೆ ದುಡ್ಡು ಕಟ್ಟುತ್ತಾರೆ. ಎರಡು ವರ್ಷ ಕಳೆದ ಮೇಲೆ ಎತ್ತರ ಅಳೆಸುತ್ತಾರೆ. ಮೇನ್ಸ್, ಅಂದರೆ ಎರಡನೇ ಸುತ್ತಿನ ಲಿಖಿತ ಪರೀಕ್ಷೆ, ಪಾಸಾದ ಮೇಲೆ ಜಾತಿ ಪ್ರಮಾಣಪತ್ರ ಬೇರೆ ನಮೂನೆಯಲ್ಲಿ ಬೇಕಿತ್ತು ಅಂತ ಗೊತ್ತಾಗುತ್ತದೆ.

ಅದಕ್ಕೇ ಈ ಬರಹದಲ್ಲಿ ಪುಸ್ತಕದ ಮಾತು ಐದನೇ ಹಂತದಲ್ಲಿ ಬರುತ್ತದೆ. ಮೊದಲ ನಾಲ್ಕನ್ನು ಹಾರಿಸಿ ಅಲ್ಲಿಗೆ ಹೋಗಬೇಡಿ.

## ಹಂತ 1: ವಯಸ್ಸು ಬರೆದುಕೊಂಡು ದಾರಿ ಆರಿಸಿ

ಒಂದು ಹಾಳೆ ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹುಟ್ಟಿದ ದಿನಾಂಕ ಬರೆಯಿರಿ. ಮನೆಯಲ್ಲಿ ಹೇಳುವ ದಿನಾಂಕ ಬೇರೆ ಇದ್ದರೂ ಲೆಕ್ಕಕ್ಕೆ ಬರುವುದು ಇದೊಂದೇ. ಎಸ್ಪಿ ಹುದ್ದೆಗೆ ಮೂರು ಬಾಗಿಲುಗಳಿವೆ. ಯಾವುದು ನಿಮಗೆ ತೆರೆದಿದೆ ಅನ್ನುವುದನ್ನು ಈ ದಿನಾಂಕವೇ ಹೇಳುತ್ತದೆ.

ಮೊದಲನೆಯದು ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆ ಬರೆದು ನೇರವಾಗಿ ಐಪಿಎಸ್ ಸೇರುವುದು. ಪರೀಕ್ಷೆಯ ವರ್ಷದ ಆಗಸ್ಟ್ 1ಕ್ಕೆ 21 ತುಂಬಿರಬೇಕು, ಸಾಮಾನ್ಯ ವರ್ಗದವರಿಗೆ 32 ತುಂಬಿರಬಾರದು. ಒಬಿಸಿಗೆ 3 ವರ್ಷ, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 5 ವರ್ಷ ಸಡಿಲಿಕೆ ಇದೆ. ಸಾಮಾನ್ಯ ವರ್ಗಕ್ಕೆ 6 ಅವಕಾಶ, ಒಬಿಸಿಗೆ 9; ಪರಿಶಿಷ್ಟರಿಗೆ ವಯಸ್ಸಿನ ಮಿತಿಯೊಳಗೆ ಎಷ್ಟಾದರೂ. ಮೊದಲ ಸುತ್ತಿನ ಪರೀಕ್ಷೆಯಾದ ಪ್ರಿಲಿಮ್ಸ್‌ನ ಒಂದೇ ಒಂದು ಪತ್ರಿಕೆಗೆ ಕೂತು ಎದ್ದು ಬಂದರೂ ಒಂದು ಅವಕಾಶ ಖರ್ಚಾಯಿತು ಅಂತಲೇ ಲೆಕ್ಕ. ಅರ್ಜಿ ಹಾಕಿ ಹೋಗದಿದ್ದರೆ ಖರ್ಚಾಗುವುದಿಲ್ಲ. ‘ಸುಮ್ಮನೆ ಒಂದು ಸಲ ಬರೆದು ನೋಡ್ತೀನಿ ಸಾರ್’ ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಸುಮ್ಮನೆ ಬರೆಯುವುದಾದರೆ ಹಳೆಯ ಪತ್ರಿಕೆ ತೆಗೆದು ಗಡಿಯಾರ ಇಟ್ಟುಕೊಂಡು ಮನೆಯಲ್ಲೇ ಬರೆಯಿರಿ.

ಎರಡನೆಯದು ರಾಜ್ಯದ ಲೋಕಸೇವಾ ಆಯೋಗ (ಕೆಪಿಎಸ್‌ಸಿ) ನಡೆಸುವ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆಯ ಮೂಲಕ ಡಿವೈಎಸ್ಪಿ, ಅಂದರೆ ಉಪ ಎಸ್ಪಿ, ಆಗುವುದು. ಇಲ್ಲಿ ವಯಸ್ಸಿನ ಮಿತಿ ಸ್ವಲ್ಪ ಉದಾರ. ಆದರೆ ಅಧಿಸೂಚನೆ ವರ್ಷವರ್ಷವೂ ಬರುವುದಿಲ್ಲ, ಬಂದಾಗ ಡಿವೈಎಸ್ಪಿ ಹುದ್ದೆ ಅದರಲ್ಲಿ ಇದೆಯೋ ಇಲ್ಲವೋ ಅಂತ ಪಟ್ಟಿ ನೋಡಿಯೇ ತಿಳಿಯಬೇಕು. ಡಿವೈಎಸ್ಪಿಯಾಗಿ ಕನಿಷ್ಠ 8 ವರ್ಷ ಸೇವೆ ಆದ ಮೇಲೆ ಐಪಿಎಸ್‌ಗೆ ಬಡ್ತಿಯ ಪರಿಗಣನೆಗೆ ಅರ್ಹತೆ ಬರುತ್ತದೆ. ಅರ್ಹತೆ ಬಂದಷ್ಟು ಬೇಗ ಬಡ್ತಿ ಬರುವುದಿಲ್ಲ.

ಮೂರನೆಯದು ಪಿಎಸ್‌ಐ, ಅಂದರೆ ಠಾಣೆಯ ಸಬ್ ಇನ್‌ಸ್ಪೆಕ್ಟರ್. ಪಿಎಸ್‌ಐ ಆಗಿ, ಇನ್‌ಸ್ಪೆಕ್ಟರ್ ಆಗಿ, ಡಿವೈಎಸ್ಪಿ ಆಗುವ ಹೊತ್ತಿಗೆ ಸೇವೆಯ ದೊಡ್ಡ ಪಾಲು ಮುಗಿದಿರುತ್ತದೆ. ಅಲ್ಲಿಂದ ಎಸ್ಪಿ ಆದವರು ಇದ್ದಾರೆ, ತೀರಾ ಅಪರೂಪ. ಈ ಬಾಗಿಲನ್ನು ಠಾಣೆಯ ಕೆಲಸವೇ ಬೇಕು ಅನ್ನುವವರು ಆರಿಸಿಕೊಳ್ಳಬೇಕು, ಎಸ್ಪಿ ಕುರ್ಚಿಗೆ ಒಳದಾರಿ ಅಂತ ಅಲ್ಲ.

ಈಗ ಮೇಲಿನ ಮೆಟ್ಟಿಲುಗಳ ಲೆಕ್ಕ. ಐಪಿಎಸ್‌ನಲ್ಲಿ 4 ವರ್ಷಕ್ಕೆ ಹಿರಿಯ ಶ್ರೇಣಿ (ಎಸ್ಪಿ ಹುದ್ದೆ ಈ ಶ್ರೇಣಿಯದು), 13ಕ್ಕೆ ಸೆಲೆಕ್ಷನ್ ಗ್ರೇಡ್, 14ಕ್ಕೆ ಡಿಐಜಿ, 18ಕ್ಕೆ ಐಜಿಪಿ, 25ಕ್ಕೆ ಎಡಿಜಿಪಿ, 30ಕ್ಕೆ ಡಿಜಿಪಿ ದರ್ಜೆ. ಇವು ಬಡ್ತಿಗೆ ಬೇಕಾದ ಕನಿಷ್ಠ ವರ್ಷಗಳು. ನಿವೃತ್ತಿ 60ಕ್ಕೆ. ಹಾಗಾಗಿ 25ನೇ ವಯಸ್ಸಿಗೆ ಸೇರಿದವರಿಗೆ ರಾಜ್ಯದ ಪೊಲೀಸ್ ಮುಖ್ಯಸ್ಥರ ಹುದ್ದೆಯ ಬಾಗಿಲಿನವರೆಗೆ ಹೋಗಲು ಕಾಲ ಇರುತ್ತದೆ. 34ಕ್ಕೆ ಸೇರಿದವರ ಸೇವೆ 26 ವರ್ಷಕ್ಕೇ ಮುಗಿಯುತ್ತದೆ, ಎಡಿಜಿಪಿ ಅವರ ತುದಿ. ಅದರಲ್ಲಿ ಕಡಿಮೆ ಏನೂ ಇಲ್ಲ. ಆದರೆ ಮೊದಲೇ ಗೊತ್ತಿರಬೇಕು.

ರಾಜ್ಯದ ಡಿಜಿ ಮತ್ತು ಐಜಿಪಿ ಹುದ್ದೆಯಂತೂ ಬರಿಯ ಜ್ಯೇಷ್ಠತೆಯ ಮೇಲೆ ಬರುವುದಲ್ಲ. ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಯುಪಿಎಸ್‌ಸಿ ಮೂವರ ಪಟ್ಟಿ ಮಾಡುತ್ತದೆ, ರಾಜ್ಯ ಸರ್ಕಾರ ಅವರಲ್ಲಿ ಒಬ್ಬರನ್ನು ಆರಿಸುತ್ತದೆ. ಆಯ್ಕೆಯಾದವರಿಗೆ ಕನಿಷ್ಠ 2 ವರ್ಷದ ಅವಧಿ.

ಹಾಳೆಯ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಯಾವ ವಯಸ್ಸಿಗೆ ಯುಪಿಎಸ್‌ಸಿ ನಿಲ್ಲಿಸುತ್ತೇನೆ. ಮನೆಯವರ ಎದುರು ಬರೆಯಿರಿ. ಆಮೇಲೆ ಬರೆಯುತ್ತೇನೆ ಅಂದವರು ಬರೆದದ್ದನ್ನು ನಾನು ನೋಡಿಲ್ಲ.

## ಹಂತ 2: ದೇಹದ ಪರೀಕ್ಷೆ ಪುಸ್ತಕಕ್ಕಿಂತ ಮೊದಲು

ಐಪಿಎಸ್‌ಗೆ ಗಂಡಸರಿಗೆ 165 ಸೆಂಮೀ, ಹೆಂಗಸರಿಗೆ 150 ಸೆಂಮೀ ಎತ್ತರ ಬೇಕು. ಪರಿಶಿಷ್ಟ ಪಂಗಡದವರಿಗೆ 160 ಮತ್ತು 145ರವರೆಗೆ ಸಡಿಲಿಕೆ ಇದೆ. ರಾಜ್ಯದ ಪಿಎಸ್‌ಐ ನೇಮಕಾತಿಯಲ್ಲಿ ಕೇಳುತ್ತಾ ಬಂದಿರುವುದು ಗಂಡಸರಿಗೆ 168, ಹೆಂಗಸರಿಗೆ 157. ಅಂದರೆ 166 ಸೆಂಮೀ ಇರುವ ಹುಡುಗ ಐಪಿಎಸ್‌ಗೆ ಅರ್ಹ, ಪಿಎಸ್‌ಐಗೆ ಅಲ್ಲ. ಪಿಎಸ್‌ಐಗೇ ಆಗದವನು ಐಪಿಎಸ್‌ಗೆ ಆಗುವುದುಂಟೇ ಅಂತ ತಾನೇ ತೀರ್ಮಾನ ಮಾಡಿಕೊಂಡು ಕೈಬಿಟ್ಟವರಿದ್ದಾರೆ. ಚಪ್ಪಲಿ ಬಿಟ್ಟು, ಗೋಡೆಗೆ ಹಿಮ್ಮಡಿ ತಾಗಿಸಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಳೆಸಿ. ಸಂಜೆಗೆ ತುಸು ಕಡಿಮೆ ಬರುವುದು ಸಹಜ, ಆ ಕಡಿಮೆಯನ್ನೇ ಹಿಡಿಯಿರಿ.

ಎತ್ತರಕ್ಕಿಂತ ಹೆಚ್ಚು ಜನ ಮರೆಯುವುದು ಬಣ್ಣ ಗುರುತಿಸುವ ಪರೀಕ್ಷೆ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ನನ್ನ ಬಳಿ ಬರುತ್ತಿದ್ದ. ಕೊನೆ ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ಅಡಿಕೆ ರಾಶಿ ಬಿದ್ದಾಗ ಹಣ್ಣಡಿಕೆ ಬೇರೆ ಮಾಡುವ ಕೆಲಸ ಅವನಿಗೆ ಕೊಟ್ಟರೆ ಹಸಿರು ಕಾಯಿಯನ್ನೂ ಕಿತ್ತಳೆ ಬಣ್ಣದ ಹಣ್ಣನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದನಂತೆ. ಸೋಮಾರಿತನ ಅಂತ ಅವನ ಅಜ್ಜ ಬೈಯುತ್ತಿದ್ದರು. ಮಾತಿನ ನಡುವೆ ಅವನೇ ಇದನ್ನು ಹೇಳಿದಾಗ ನನಗೆ ಅನುಮಾನ ಬಂತು. ಕಣ್ಣಿನ ಡಾಕ್ಟರ ಬಳಿ ಚುಕ್ಕಿ ಚುಕ್ಕಿಯ ಚಿತ್ರಪುಟಗಳನ್ನು ತೋರಿಸಿ ಪರೀಕ್ಷೆ ಮಾಡಿಸಿದೆವು. ಹಸಿರು–ಕೆಂಪಿನ ದೋಷ ಇತ್ತು. ಐಪಿಎಸ್‌ಗೆ ಉನ್ನತ ಮಟ್ಟದ ಬಣ್ಣದೃಷ್ಟಿ ಕಡ್ಡಾಯ, ಕನ್ನಡಕದಿಂದ ಸರಿಹೋಗುವುದಲ್ಲ. ಅದೇ ಪರೀಕ್ಷೆಯ ಮೂಲಕ ಸೇರಬಹುದಾದ ಎಷ್ಟೋ ಬೇರೆ ಸೇವೆಗಳಿಗೆ ಈ ಅಡ್ಡಿ ಇಲ್ಲ. ಅವನಿಗೆ ಆಗ 20 ವರ್ಷ, ದಾರಿ ಬದಲಿಸಲು ಸಮಯ ಇತ್ತು. ಸಂದರ್ಶನ ಮುಗಿದ ಮೇಲೆ ದೆಹಲಿಯ ವೈದ್ಯಕೀಯ ಮಂಡಳಿಯ ಎದುರು ಗೊತ್ತಾಗಿದ್ದರೆ?

ಮೆಗ್ಗಾನ್ ಆಸ್ಪತ್ರೆಯಲ್ಲಿ ಅಥವಾ ಯಾವುದೇ ಕಣ್ಣಿನ ಆಸ್ಪತ್ರೆಯಲ್ಲಿ ಬಣ್ಣದೃಷ್ಟಿ, ಮೆಳ್ಳೆಗಣ್ಣು, ದೂರದೃಷ್ಟಿ, ಈ ಮೂರನ್ನೂ ಹೆಸರು ಹೇಳಿ ಕೇಳಿ ಮಾಡಿಸಿ. ಸುಮ್ಮನೆ ‘ಕಣ್ಣು ನೋಡಿ’ ಅಂದರೆ ಕನ್ನಡಕದ ನಂಬರ್ ಮಾತ್ರ ಬರೆದುಕೊಡುತ್ತಾರೆ.

ಓಟದ ವಿಷಯ ಪಿಎಸ್‌ಐ ದಾರಿಯವರಿಗೆ ಮಾತ್ರ ಆಯ್ಕೆಯ ಹಂತದಲ್ಲೇ ಬರುತ್ತದೆ. ಗಂಡಸರು 1600 ಮೀಟರನ್ನು 7 ನಿಮಿಷದಲ್ಲಿ, ಹೆಂಗಸರು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕು. ಜೊತೆಗೆ ಜಿಗಿತ, ಗುಂಡು ಎಸೆತ. ಐಪಿಎಸ್ ಆಯ್ಕೆಯಲ್ಲಿ ಓಟ ಇಲ್ಲ. ಆದರೆ ಅಕಾಡೆಮಿಯಲ್ಲಿ ಬೆಳಗಾಗುವುದೇ ಓಟದಿಂದ.

ನಮ್ಮ ಮಲೆನಾಡಿನವರ ತಪ್ಪು ಒಂದೇ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಅಂತ ಓಟ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಒಮ್ಮೆಲೇ ಶುರು ಮಾಡಿ ಮೊಣಕಾಲ ಕೆಳಗಿನ ಮೂಳೆ ನೋಯಿಸಿಕೊಳ್ಳುವುದು. ಮಳೆಗಾಲದಲ್ಲಿ ಮೆಟ್ಟಿಲು ಹತ್ತಿ ಇಳಿಯಿರಿ, ಮಳೆ ಬಿಟ್ಟ ಹೊತ್ತಿನಲ್ಲಿ ಡಾಂಬರು ರಸ್ತೆಯ ಬದಿಗೆ ನಿಧಾನ ಓಡಿ. ನೋವು ಕಾಲಿಡೀ ಹರಡಿದ್ದರೆ ಅದು ಹೋಗುವವರೆಗೆ ವಿಶ್ರಾಂತಿ ಕೊಡಿ. ಬೆರಳಿನಿಂದ ಒತ್ತಿದರೆ ಒಂದೇ ಕಡೆ ಚುಚ್ಚುವಂತೆ ನೋಯುತ್ತಿದ್ದರೆ ಮೂಳೆ ಬಿರುಕಿನ ಸೂಚನೆ ಇರಬಹುದು. ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

## ಹಂತ 3: ಕಾಗದಪತ್ರ

ಬೇಕಾದ ಸಾಮಾನು: ಒಂದು ಗಟ್ಟಿ ಫೈಲು, ಪ್ಲಾಸ್ಟಿಕ್ ಹೊದಿಕೆ, ಒಂದು ನೋಟ್‌ಬುಕ್ಕು. ನೋಟ್‌ಬುಕ್ಕಿನಲ್ಲಿ ಯಾವ ಕಾಗದ, ಯಾವ ತಾರೀಕಿಗೆ ಪಡೆದದ್ದು, ಎಲ್ಲಿಯವರೆಗೆ ಚಾಲ್ತಿ ಅಂತ ಬರೆದಿಡಿ.

ಅತಿ ದುಬಾರಿಯ ತಪ್ಪು ಇಲ್ಲೇ ಆಗುವುದು. ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪಟ್ಟಿ ಬೇರೆ. ಕೇಂದ್ರದ ಒಬಿಸಿ ಪಟ್ಟಿ ಬೇರೆ. ರಾಜ್ಯದಲ್ಲಿ ಹಿಂದುಳಿದ ವರ್ಗದಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಯುಪಿಎಸ್‌ಸಿ ಅರ್ಜಿಯಲ್ಲಿ ಒಬಿಸಿ ಅಂತ ಗುರುತು ಹಾಕುವ ಮೊದಲು ನಿಮ್ಮ ಜಾತಿ, ಉಪಜಾತಿಯ ಹೆಸರು ಕೇಂದ್ರದ ಪಟ್ಟಿಯ ಕರ್ನಾಟಕ ಭಾಗದಲ್ಲಿ ಅಕ್ಷರಕ್ಷರ ಹಾಗೆಯೇ ಇದೆಯೇ ನೋಡಿ. ಇದ್ದರೆ ನಾಡಕಚೇರಿಯಲ್ಲಿ ಕೇಂದ್ರದ ನಮೂನೆಯ ಕೆನೆಪದರ ರಹಿತ ಪ್ರಮಾಣಪತ್ರವೇ ಬೇಕು ಅಂತ ಹೇಳಿ ಅರ್ಜಿ ಹಾಕಿ. ಕಾಲೇಜು ಸೇರುವಾಗ ತೆಗೆಸಿದ ಜಾತಿ–ಆದಾಯ ಪ್ರಮಾಣಪತ್ರ ಇದಕ್ಕೆ ನಡೆಯುವುದಿಲ್ಲ. ಪರೀಕ್ಷೆಯ ಅಧಿಸೂಚನೆಯಲ್ಲಿ ಹೇಳಿದ ಆರ್ಥಿಕ ವರ್ಷಗಳ ಆದಾಯ ಆಧರಿಸಿರಬೇಕು, ಹೇಳಿದ ದಿನದೊಳಗೆ ಪಡೆದದ್ದಾಗಿರಬೇಕು.

ಕೇಂದ್ರದ ಪಟ್ಟಿಯಲ್ಲಿ ಇಲ್ಲದವರು ಆರ್ಥಿಕವಾಗಿ ಹಿಂದುಳಿದ ವರ್ಗದ ಕೋಟಾ ಸಿಗುತ್ತದೆಯೇ ನೋಡಬಹುದು. ಕುಟುಂಬದ ಆದಾಯ 8 ಲಕ್ಷಕ್ಕಿಂತ ಕಡಿಮೆ, ಕೃಷಿ ಜಮೀನು 5 ಎಕರೆಗಿಂತ ಕಡಿಮೆ ಇರಬೇಕು. ನಮ್ಮ ಕಡೆ ಪಹಣಿ ಇನ್ನೂ ಜಂಟಿಯಾಗಿ ಅಜ್ಜನ ಹೆಸರಲ್ಲೇ ಇರುವ ಮನೆಗಳು ಬಹಳ. ಪಾಲು ಆಗಿದ್ದರೂ ಖಾತೆ ಬದಲಾಗಿರುವುದಿಲ್ಲ. ಅದನ್ನು ಸರಿಮಾಡಿಸಲು ತಿಂಗಳುಗಳೇ ಹಿಡಿಯುತ್ತವೆ, ಈಗಲೇ ಶುರು ಮಾಡಿ. ಈ ಕೋಟಾದಲ್ಲಿ ಯುಪಿಎಸ್‌ಸಿಯ ವಯಸ್ಸಿಗಾಗಲಿ ಅವಕಾಶದ ಸಂಖ್ಯೆಗಾಗಲಿ ಸಡಿಲಿಕೆ ಇಲ್ಲ ಅನ್ನುವುದೂ ನೆನಪಿರಲಿ.

ಕೆಪಿಎಸ್‌ಸಿ ಮತ್ತು ಪಿಎಸ್‌ಐ ದಾರಿಯವರಿಗೆ ಗ್ರಾಮೀಣ ಅಭ್ಯರ್ಥಿ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳು ಚಿನ್ನದಂಥವು. ಎರಡಕ್ಕೂ 1ರಿಂದ 10ನೇ ತರಗತಿಯ ವ್ಯಾಸಂಗದ ದಾಖಲೆ ಬೇಕು, ಶಾಲೆಯ ಮುಖ್ಯಸ್ಥರ ಸಹಿ ಬೇಕು. ಗ್ರಾಮೀಣ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯೂ ಬೇಕು. ಘಟ್ಟದ ಊರುಗಳಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಕಿರಿಯ ಪ್ರಾಥಮಿಕ ಶಾಲೆಗಳು ಎಷ್ಟೋ. ಅಂಥ ಶಾಲೆಯಲ್ಲಿ ಓದಿದವರು ಅದರ ದಾಖಲಾತಿ ಪುಸ್ತಕ ಈಗ ಯಾವ ಶಾಲೆಯಲ್ಲಿದೆ ಅಂತ ಬಿಇಒ ಕಚೇರಿಯಲ್ಲಿ ವಿಚಾರಿಸಿ. ಕೊನೆಯ ದಿನಾಂಕಕ್ಕೆ ಮೂರು ದಿನ ಇರುವಾಗ ಈ ಪುಸ್ತಕ ಹುಡುಕಿಕೊಂಡು ಹೊಸನಗರ ತಾಲ್ಲೂಕಿನಲ್ಲಿ ಬೈಕಿನಲ್ಲಿ ತಿರುಗಿದ ಹುಡುಗಿ ಒಬ್ಬಳಿದ್ದಾಳೆ. ಅವಳಿಗೆ ಸಿಕ್ಕಿತು. ಎಲ್ಲರಿಗೂ ಸಿಗುವುದಿಲ್ಲ.

ಶರಾವತಿ ಮುಳುಗಡೆಯ ಕುಟುಂಬದವರಾದರೆ, ಅಧಿಸೂಚನೆಯಲ್ಲಿ ಯೋಜನಾ ನಿರಾಶ್ರಿತರ ಕಾಲಂ ಇದೆಯೇ ನೋಡಿ, ಅಜ್ಜನ ಕಾಲದ ಭೂಸ್ವಾಧೀನದ ಕಾಗದ ಹುಡುಕಿಡಿ.

## ಹಂತ 4: ಹೆಸರು ಶುದ್ಧ ಇಟ್ಟುಕೊಳ್ಳುವುದು

ಆಯ್ಕೆಯಾದ ಮೇಲೆ ಪೂರ್ವಾಪರ ಪರಿಶೀಲನೆ ನಡೆಯುತ್ತದೆ. ಬಂಧನ, ಎಫ್‌ಐಆರ್, ಮುಚ್ಚಳಿಕೆ, ಬಾಕಿ ಮೊಕದ್ದಮೆ ಎಲ್ಲವನ್ನೂ ಫಾರಂನಲ್ಲಿ ನೀವೇ ಬರೆಯಬೇಕು.

ಶಿವಮೊಗ್ಗದಲ್ಲಿ ಇದು ಬರಿಯ ಔಪಚಾರಿಕ ವಿಷಯ ಅಲ್ಲ. ಗಣಪತಿ ಮೆರವಣಿಗೆಯ ಸಮಯದಲ್ಲಿ, ಗಲಾಟೆಯಾದ ದಿನಗಳಲ್ಲಿ ಒಂದು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿ ಠಾಣೆ ಮೆಟ್ಟಿಲು ಹತ್ತಿದ ಹುಡುಗರಿದ್ದಾರೆ. ಈಗಿನ ಅಪರಾಧ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ 126ರ ಕೆಳಗೆ, ಅಂದರೆ 2024ರ ಜುಲೈ 1ಕ್ಕಿಂತ ಮೊದಲು ಸಿಆರ್‌ಪಿಸಿ 107 ಅನ್ನುತ್ತಿದ್ದ ಕಲಮಿನ ಕೆಳಗೆ, ಶಾಂತಿ ಕಾಪಾಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟರೆ ಅದು ಶಿಕ್ಷೆ ಅಲ್ಲ. ಆದರೆ ದಾಖಲೆಯಂತೂ ಹೌದು.

ಒಂದು ವೇಳೆ ಪ್ರಕರಣ ಇದ್ದೇ ಇದ್ದರೆ ಮುಚ್ಚಬೇಡಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ವಿವರವಾಗಿ ಪರಿಶೀಲಿಸಿದೆ. ಸಣ್ಣ ಪ್ರಕರಣವನ್ನು ನಿಜ ಹೇಳಿದವರ ವಿಷಯದಲ್ಲಿ ನೇಮಕಾತಿ ಅಧಿಕಾರಿಗೆ ವಿವೇಚನೆ ಇದೆ, ಮುಚ್ಚಿಟ್ಟದ್ದೇ ಆಯ್ಕೆ ರದ್ದಾಗಲು ಕಾರಣ ಆಗಬಹುದು. ಎಫ್‌ಐಆರ್ ಪ್ರತಿ, ಕೋರ್ಟಿನ ಆದೇಶದ ಪ್ರತಿ ಫೈಲಿನಲ್ಲಿ ಇಟ್ಟುಕೊಳ್ಳಿ.

ದಲ್ಲಾಳಿಗಳ ಮಾತೂ ಇಲ್ಲೇ ಹೇಳಬೇಕು. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗೆ ನಡೆದ ಪರೀಕ್ಷೆ ಅಕ್ರಮದಿಂದಾಗಿ 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಓದಿ ಪಾಸಾದವರೂ ಆ ಎರಡು ವರ್ಷ ಕಳೆದುಕೊಂಡರು. ‘ಸೀಟು ಮಾಡಿಸಿಕೊಡ್ತೀನಿ’ ಅಂತ ಯಾರಾದರೂ ಮನೆಗೆ ಬಂದರೆ, ತೋಟದ ಮೇಲೆ ಸಾಲ ಮಾಡಿಯಾದರೂ ಕೊಡೋಣ ಅನ್ನುವ ಅಪ್ಪನನ್ನು ತಡೆಯಬೇಕಾದವರು ನೀವೇ.

## ಹಂತ 5: ಓದು, ಬರವಣಿಗೆ

ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ಎರಡು ಪತ್ರಿಕೆ. ಮೊದಲನೆಯದರಲ್ಲಿ 100 ಪ್ರಶ್ನೆ, 200 ಅಂಕ. ಎರಡನೆಯದು ಸಿಸ್ಯಾಟ್, ಅಂದರೆ ಗಣಿತ, ತರ್ಕ, ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಅಳೆಯುವ ಪತ್ರಿಕೆ, 80 ಪ್ರಶ್ನೆ, 200 ಅಂಕ, ಅದರಲ್ಲಿ ಶೇ 33 ಬಂದರೆ ಸಾಕು. ಸಾಕು ಅನ್ನುವ ಆ ಮಾತೇ ನಮ್ಮವರನ್ನು ಕೆಡಿಸಿದೆ. ಕಲಾ ವಿಭಾಗದಲ್ಲಿ ಓದಿ, ಹತ್ತನೇ ತರಗತಿಗೆ ಗಣಿತ ಬಿಟ್ಟವರು ಮೊದಲ ಪತ್ರಿಕೆಗೆ ವರ್ಷಗಟ್ಟಲೆ ಓದಿ ಸಿಸ್ಯಾಟ್‌ನಲ್ಲಿ ನಿಲ್ಲುತ್ತಾರೆ. ಒಂದೂ ತಪ್ಪಿಲ್ಲದಿದ್ದರೆ 27 ಸರಿಯುತ್ತರಕ್ಕೆ ಗಡಿ ದಾಟುತ್ತೀರಿ, ಆದರೆ ಪ್ರತಿ ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತದೆ. ತಯಾರಿಯ ಮೊದಲ ವಾರವೇ ಹಳೆಯ ಸಿಸ್ಯಾಟ್ ಪತ್ರಿಕೆ ಒಂದನ್ನು ಎರಡು ಗಂಟೆ ಕೂತು ಬರೆಯಿರಿ. 80 ಅಂಕ ದಾಟದಿದ್ದರೆ ಆರು ತಿಂಗಳು ದಿನಕ್ಕೊಂದು ಗಂಟೆ ಅದಕ್ಕೇ ಮೀಸಲಿಡಿ.

ಕನ್ನಡದಲ್ಲಿ ಬರೆಯಬಹುದೇ ಅನ್ನುವುದು ನನಗೆ ಬರುವ ಪ್ರಶ್ನೆಗಳಲ್ಲಿ ಮೊದಲನೆಯದು. ಮೇನ್ಸ್ ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. ಆದರೆ ಪ್ರಶ್ನೆ ಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹಾಗಾಗಿ ಕನ್ನಡದಲ್ಲಿ ಬರೆಯುವವರು ಇಂಗ್ಲಿಷನ್ನು ಬಿಡುವಂತಿಲ್ಲ. ಪ್ರಶ್ನೆ ಇಂಗ್ಲಿಷ್‌ನಲ್ಲಿ ಓದಿ, ಏನು ಕೇಳಿದ್ದಾರೆ ಅಂತ ಒಂದು ಸಾಲು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಉತ್ತರಕ್ಕೆ ಕೈ ಹಾಕಿ. ಈ ಒಂದು ಸಾಲಿನಲ್ಲಿ ಎಡವಿದರೆ ಇಡೀ ಉತ್ತರ ಬೇರೆ ಕಡೆ ಹೋಗುತ್ತದೆ. ನಾನು ತಿದ್ದುವ ಪತ್ರಿಕೆಗಳಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ಮೇನ್ಸ್‌ನಲ್ಲಿ ಒಂಬತ್ತು ಪತ್ರಿಕೆ. ಇಂಗ್ಲಿಷ್ ಮತ್ತು ಒಂದು ಭಾರತೀಯ ಭಾಷೆ, ತಲಾ 300 ಅಂಕ, ತಲಾ ಶೇ 25 ಬಂದರೆ ಪಾಸು. ಇವುಗಳಲ್ಲಿ ಬೀಳುವವರ ಉಳಿದ ಏಳು ಪತ್ರಿಕೆಯ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಉಳಿದವು ಪ್ರಬಂಧ, ನಾಲ್ಕು ಸಾಮಾನ್ಯ ಅಧ್ಯಯನ, ಎರಡು ಐಚ್ಛಿಕ. ತಲಾ 250, ಒಟ್ಟು 1750. ಸಂದರ್ಶನದ 275 ಸೇರಿ 2025. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಕನ್ನಡ ಪತ್ರಿಕೆಯನ್ನು ಮನೆಮಾತು ತಾನೇ ಅಂತ ಬಿಟ್ಟಿರುತ್ತಾರೆ. ಮಾತು ಬರುವುದು ಬೇರೆ, ಮೂರು ಗಂಟೆ ಒತ್ತಕ್ಷರ ತಪ್ಪದೆ ಕೈಯಲ್ಲಿ ಬರೆಯುವುದು ಬೇರೆ. ವಾರಕ್ಕೊಂದು ಸಲ ದಿನಪತ್ರಿಕೆಯ ಸಂಪಾದಕೀಯವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಬರೆಯಿರಿ.

ಬರವಣಿಗೆಗೆ ಒಂದು ಗಡಿಯಾರ, ಗೆರೆಯಿಲ್ಲದ ಹಾಳೆ, ಒಂದೇ ಬಗೆಯ ಪೆನ್ನು ಸಾಕು. ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ ಮೂರು ಗಂಟೆಗೆ 20 ಪ್ರಶ್ನೆ. ಒಂದಕ್ಕೆ ಒಂಬತ್ತು ನಿಮಿಷ. ಎರಡು ಹಾಳೆ ಚೆನ್ನಾಗಿ ಬರೆದು ಕೊನೆಯ ನಾಲ್ಕು ಪ್ರಶ್ನೆ ಬಿಡುವುದಕ್ಕಿಂತ ಇಪ್ಪತ್ತನ್ನೂ ಹದವಾಗಿ ಮುಟ್ಟುವುದು ಮೇಲು.

ಕೆಪಿಎಸ್‌ಸಿಗೆ ಒಂದು ಎಚ್ಚರಿಕೆ: ಕನ್ನಡ ಪ್ರಶ್ನೆಯ ಜೊತೆಗೆ ಇಂಗ್ಲಿಷ್ ಪ್ರಶ್ನೆಯನ್ನೂ ಓದಿ. 2024ರ ಆಗಸ್ಟ್‌ನ ಪ್ರಿಲಿಮ್ಸ್ ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ನಡೆಯಬೇಕಾಯಿತು.

ನಿಲ್ಲಿಸಿ ನೋಡಬೇಕಾದ ಸೂಚನೆ: ಎರಡು ಸಲ ಪ್ರಿಲಿಮ್ಸ್ ಬರೆದು ಅಂಕ ಮೇಲಕ್ಕೆ ಹೋಗಿಲ್ಲ, ಆದರೆ ಕಪಾಟಿನಲ್ಲಿ ಪುಸ್ತಕ ಹೆಚ್ಚಾಗಿವೆ ಅಂತಾದರೆ ತೊಂದರೆ ಓದಿನ ವಿಧಾನದಲ್ಲಿದೆ. ಹೊಸ ಪುಸ್ತಕ ಕೊಳ್ಳಬೇಡಿ. ತಪ್ಪಾದ ಪ್ರಶ್ನೆಗಳನ್ನು ಮಾತ್ರ ಒಂದು ಪುಸ್ತಕದಲ್ಲಿ ಬರೆದು ಕಾರಣ ಹುಡುಕಿ.

## ಹಂತ 6: ಸಂದರ್ಶನಕ್ಕೆ ಜಿಲ್ಲೆಯನ್ನು ಓದುವುದು

ಅರ್ಜಿಯಲ್ಲಿ ಶಿವಮೊಗ್ಗ ಅಂತ ಬರೆದರೆ ಪ್ರಶ್ನೆ ಶಿವಮೊಗ್ಗದಿಂದಲೇ ಬರಬಹುದು. ಭದ್ರಾವತಿಯ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ, ಅಡಿಕೆಯ ಎಲೆಚುಕ್ಕೆ ರೋಗ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ, ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹ, 2000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಇವನ್ನು ವಿಷಯವಾಗಿ ಓದಿದರೆ ಅರ್ಧ ಕೆಲಸ. ಉಳಿದರ್ಧ, ನೀವು ಅಲ್ಲಿ ಅಧಿಕಾರಿಯಾಗಿದ್ದರೆ ಏನು ಮಾಡುತ್ತಿದ್ದಿರಿ ಅನ್ನುವುದು.

ಅದಕ್ಕೆ ವ್ಯವಸ್ಥೆಯ ನಕ್ಷೆ ತಲೆಯಲ್ಲಿರಬೇಕು. ಠಾಣೆ, ಅದರ ಮೇಲೆ ಉಪವಿಭಾಗ, ಅದರ ಮೇಲೆ ಜಿಲ್ಲೆ. ನಮ್ಮಲ್ಲಿ ಶಿವಮೊಗ್ಗ, ಭದ್ರಾವತಿ, ಸಾಗರ, ಶಿಕಾರಿಪುರ, ತೀರ್ಥಹಳ್ಳಿ ಉಪವಿಭಾಗಗಳು. ಅವುಗಳ ಮೇಲೆ ಎಸ್ಪಿ, ಎಸ್ಪಿಯ ಮೇಲೆ ದಾವಣಗೆರೆಯಲ್ಲಿ ಕೂರುವ ಪೂರ್ವ ವಲಯದ ಐಜಿಪಿ. ಪಕ್ಕದ ಚಿಕ್ಕಮಗಳೂರು ಮಂಗಳೂರಿನ ಪಶ್ಚಿಮ ವಲಯಕ್ಕೆ ಸೇರುತ್ತದೆ. ‘ಎರಡು ಜಿಲ್ಲೆಯ ಗಡಿಯ ಕಾಡಿನಲ್ಲಿ ಘಟನೆ ನಡೆದರೆ ಯಾರಿಗೆ ಹೇಳುತ್ತೀರಿ?’ ಅಂತ ನಮ್ಮ ಅಣಕು ಸಂದರ್ಶನದಲ್ಲಿ ಕೇಳಿದಾಗ ‘ಮೇಲಧಿಕಾರಿಗೆ’ ಅಂತ ಉತ್ತರ ಬರುತ್ತದೆ. ಯಾವ ಮೇಲಧಿಕಾರಿ, ಯಾವ ಕಾನೂನಿನಡಿ, ಮೊದಲ ಅರ್ಧ ಗಂಟೆಯಲ್ಲಿ ಏನು, ಅರಣ್ಯ ಇಲಾಖೆಗೆ ಹೇಳಬೇಕೇ? ಇಷ್ಟು ಬಿಡಿಸಿ ಹೇಳಲು ಬಂದರೆ ಸಂದರ್ಶನದ ಕೋಣೆಯಲ್ಲಿ ಗಂಟಲು ಒಣಗುವುದಿಲ್ಲ.

## ಹಂತ 7: ಆಯ್ಕೆಯಾದ ಮೇಲೆ

ಐಪಿಎಸ್ ಸಿಕ್ಕವರಿಗೆ ಮೊದಲು ಮಸ್ಸೂರಿಯಲ್ಲಿ ಬುನಾದಿ ತರಬೇತಿ, ಆಮೇಲೆ ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿ. ನಡುವೆ ಜಿಲ್ಲಾ ತರಬೇತಿಯಲ್ಲಿ ಒಂದು ಠಾಣೆಯ ಹೊಣೆ ಕೊಡುತ್ತಾರೆ. ಡಿವೈಎಸ್ಪಿಗಳ ತರಬೇತಿ ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಲ್ಲಿ. ಜಿಲ್ಲಾ ತರಬೇತಿಯ ಠಾಣೆಯ ದಿನಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಟೇಷನ್ ಡೈರಿ ಬರೆಯುವುದು, ಪಂಚನಾಮೆ, ಕೇಸ್ ಡೈರಿ, ರಾತ್ರಿ ಗಸ್ತು, ಇವನ್ನು ಹೆಡ್ ಕಾನ್ಸ್‌ಟೇಬಲ್ ಪಕ್ಕದಲ್ಲಿ ಕೂತು ಕಲಿಯಿರಿ. ಎಸ್ಪಿಯಾದ ಮೇಲೆ ಯಾರೂ ಕಲಿಸುವುದಿಲ್ಲ. ತನಗೆ ಗೊತ್ತಿಲ್ಲದ ಕಡತಕ್ಕೆ ಸಹಿ ಹಾಕುವ ಎಸ್ಪಿಯನ್ನು ಕಚೇರಿ ಒಂದೇ ವಾರದಲ್ಲಿ ಗುರುತಿಸುತ್ತದೆ.

ಐಪಿಎಸ್‌ನವರಿಗೆ ತರಬೇತಿ ಮುಗಿದ ಮೇಲೆ ಎಎಸ್ಪಿ, ಅಂದರೆ ಸಹಾಯಕ ಎಸ್ಪಿಯಾಗಿ ಒಂದು ಉಪವಿಭಾಗ. ಎಸ್ಪಿಯಾಗಿ ಜಿಲ್ಲೆ ಸಿಗುವುದು ಆಮೇಲೆ. ಬೆಂಗಳೂರು, ಮೈಸೂರಿನಂಥ ಕಮಿಷನರೇಟ್‌ಗಳಲ್ಲಿ ಅದೇ ದರ್ಜೆಯವರನ್ನು ಡಿಸಿಪಿ ಅನ್ನುತ್ತಾರೆ.

ಕೊನೆಯದಾಗಿ ಕೇಡರ್, ಅಂದರೆ ಐಪಿಎಸ್‌ನವರಿಗೆ ಕೆಲಸಕ್ಕೆ ಹಂಚುವ ರಾಜ್ಯ. ಶಿವಮೊಗ್ಗದವರಾದ ಮಾತ್ರಕ್ಕೆ ಕರ್ನಾಟಕ ಸಿಗುವುದಿಲ್ಲ. ಒಂದು ರಾಜ್ಯದ ನೇರ ನೇಮಕಾತಿಯ ಸ್ಥಾನಗಳಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಮಾತ್ರ ಅದೇ ರಾಜ್ಯದವರಿಗೆ. ಉಳಿದವು ಹೊರಗಿನವರಿಗೆ. ಮನೆಯಲ್ಲಿ ಇದನ್ನು ಮೊದಲೇ ಹೇಳಿ, ಅಪ್ಪ ಅಮ್ಮ ನೀವು ಸಾಗರದಲ್ಲೋ ಶಿಕಾರಿಪುರದಲ್ಲೋ ಕೆಲಸ ಮಾಡುತ್ತೀರಿ ಅಂದುಕೊಂಡಿರುತ್ತಾರೆ. ನಿಮ್ಮ ಹೆಸರಿನ ಎದುರು ಅಸ್ಸಾಂ ಅಂತಲೋ ಒಡಿಶಾ ಅಂತಲೋ ಬಂದರೆ, ಠಾಣೆಗೆ ದೂರು ಹಿಡಿದು ಬರುವ ಅಜ್ಜಿ ಮಾತಾಡುವುದು ಆ ಭಾಷೆಯನ್ನೇ. ಕೇಡರ್ ಪಟ್ಟಿ ಬಂದ ದಿನವೇ ಅದರ ಅಕ್ಷರಮಾಲೆಯ ಪುಸ್ತಕ ತರಿಸಿ.